ಒಂದು ಕೈ ಗಿಡ್ಡ

ನಮ್ಮ ಮಾವನವರು ಮನುಷ್ಯರನ್ನು ತಲೆಗಳಲ್ಲಿ ಅಳೆಯುತ್ತಿದ್ದರು. ಅಫಜಲಪುರದ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದವರು. ನೆತ್ತಿಯಿಂದ ಗದ್ದದವರೆಗೆ ಒಂದು ತಲೆ, ಅಂಥ ಏಳೂವರೆ ತಲೆ ಸೇರಿದರೆ ಒಬ್ಬ ಮನುಷ್ಯ ಎಂಬುದು ಅವರ ಲೆಕ್ಕ. ಹುಡುಗರು ಒಂದು ಕೈ ಉದ್ದ, ಒಂದು ಕೈ ಗಿಡ್ಡ ಬರೆದರೆ ಮುಲಾಜಿಲ್ಲದೆ ಅಂಕ ಕಡಿಯುತ್ತಿದ್ದರಂತೆ. ನನ್ನನ್ನು ನೋಡಲು ಜೇವರ್ಗಿಗೆ ಬಂದಾಗಲೂ ಎಲ್ಲರೂ ಮೋರೆ ನೋಡಿದರೆ ಇವರು ನನ್ನ ತೋಳು ನೋಡಿದರು. ಹುಡುಗಿಯ ತೋಳು ಅಳತೆಗಿಂತ ಎರಡು ಬೆರಳು ಜಾಸ್ತಿ ಎಂದು ಹೊರಗೆ ಹೋಗಿ ಹೇಳಿದ್ದು ನನ್ನ ತವರಿನವರ ಕಿವಿಗೂ ಬಿತ್ತು. ನಾನು ಎರಡು ದಿನ ಉರಿದುಕೊಂಡೆ, ಮೂರನೆಯ ದಿನ ಮದುವೆಗೆ ಒಪ್ಪಿಕೊಂಡೆ.

ನಾನು ಆಳಂದದ ಆ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಿನಲ್ಲಿ. ಅಷ್ಟರಲ್ಲಿ ಮಾವನವರು ನಿವೃತ್ತರಾಗಿ ಕೀಲುಗೊಂಬೆಗಳ ಹಿಂದೆ ಬಿದ್ದಿದ್ದರು. ಮಕ್ಕಳು ಆಡುವ ಗೊಂಬೆಗಳಲ್ಲ, ಮಕ್ಕಳು ಮುಟ್ಟಿದರೆ ಮಾವನವರ ಜೀವ ಹೋಗುತ್ತಿತ್ತು. ಮೊಳದಷ್ಟು ಎತ್ತರದ, ಹಾಲವಾಣದ ಹಗುರ ಕಟ್ಟಿಗೆಯಲ್ಲಿ ಕೆತ್ತಿದ ಜನ. ಕೂರಿಗೆ ಹಿಡಿದವನು, ಕಂಬಳಿ ಹೊದ್ದವನು, ಬೀಡಿ ಹಚ್ಚುವವನು. ಒಂದೊಂದಕ್ಕೆ ನಾಲ್ಕು ತಿಂಗಳು. ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲ ತಿರುಗಬೇಕು, ತಿರುಗಿಸಿ ಬಿಟ್ಟಲ್ಲೇ ನಿಲ್ಲಬೇಕು. ಕೀಲು ಬಿಗಿಯಾದರೆ ಕೈ ಏಳುವುದಿಲ್ಲ, ಸಡಿಲಾದರೆ ಎತ್ತಿದ ಕೈ ಬಿದ್ದುಹೋಗುತ್ತದೆ. ಅದಕ್ಕೆ ಹಳೆಯ ಚಪ್ಪಲಿಯ ಚರ್ಮವನ್ನು ಬಿಲ್ಲೆಯಾಗಿ ಕತ್ತರಿಸಿ ಕೀಲಿನ ನಡುವೆ ಇಡುತ್ತಿದ್ದರು. ಮನೆಯಲ್ಲಿ ಯಾರ ಚಪ್ಪಲಿಯೂ ಪೂರ್ತಿ ಸವೆದದ್ದನ್ನು ನಾನು ನೋಡಲಿಲ್ಲ.

ಅತ್ತೆಯವರಿಗೆ ಈ ಗೊಂಬೆಗಳೆಂದರೆ ಅಷ್ಟಕ್ಕಷ್ಟೆ. ಅವರ ರಾಜ್ಯ ಒಲೆಯ ಮುಂದೆ. ಅವರು ಬಡಿದ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತರೆ ನೋಡುವುದೇ ಒಂದು ಸುಖ. ನಾನು ಬಂದ ಎರಡನೆಯ ವರ್ಷ ಅವರು ಬಚ್ಚಲ ಮೆಟ್ಟಿಲಲ್ಲಿ ಕೊಡದ ಸಮೇತ ಜಾರಿ ಬಿದ್ದರು. ಬಲಗೈ ಮುರಿಯಿತು. ಬಿದಿರ ದಬ್ಬೆ ಕಟ್ಟಿಸಿದ್ದಾಯಿತು, ಎಲುಬು ಕೂಡಿತು, ಆದರೆ ಭುಜ ಮಾತ್ರ ಹಿಡಿದುಬಿಟ್ಟಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದು, ಎತ್ತಿದರೂ ಬಲವಿಲ್ಲ.

ಅಂದಿನಿಂದ ಅವರು ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಮಾತ್ರ ಬೆನ್ನು ನೆಟ್ಟಗಿರುತ್ತಿತ್ತು. ಪೂಜೆ ಮುಗಿದರೆ ಪಡಸಾಲೆಯ ಕಂಬಕ್ಕೆ ಒರಗಿ, ಬೀದಿಗೆ ಮುಖ ಮಾಡಿ ಕೂತುಬಿಡುವರು. ನನ್ನ ರೊಟ್ಟಿಗಳ ಅಂಚು ಸೀಳುತ್ತಿತ್ತು, ನಡುವೆ ತೂತು ಬೀಳುತ್ತಿತ್ತು. ಅವರು ಒಂದು ಮಾತೂ ಆಡದೆ ತಿನ್ನುತ್ತಿದ್ದರು. ಬೈದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಆ ಮೌನವನ್ನು ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಒಂದು ದಿನ ಮಾವನವರು ಅಡುಗೆಮನೆಯ ಬಾಗಿಲಿಗೆ ಮಣೆ ತಂದು ಹಾಕಿಕೊಂಡು ಕೂತರು. ಕೈಯಲ್ಲಿ ಪೆನ್ಸಿಲು, ಹಳೆಯ ಡ್ರಾಯಿಂಗ್ ಹಾಳೆ.

"ಏನ್ರಿ ಮಾವಾರ, ಇಲ್ಲಿ ಯಾಕ ಕುಂತೀರಿ?"

"ನಿಮ್ಮ ಅತ್ತೀದು ಗೊಂಬಿ ಮಾಡಾಕತ್ತೇನಿ. ರೊಟ್ಟಿ ಬಡಿಯೂದು. ಅದನ್ನ ನೋಡಿ ಆಕಿ ಒಮ್ಮಿ ಒಲಿ ಮುಂದ ಬಂದು ಕುಂತರ ಸಾಕು, ನನಗ ಮತ್ತೇನೂ ಬ್ಯಾಡ. ಆಕೀಗಿ ಹೇಳಬ್ಯಾಡ ಮತ್ತ."

ಅತ್ತೆಯವರ ಮೋರೆ ಬಾಯಿಪಾಠ ಇದೆಯಂತೆ, ಕೈಯ ಆಟವಷ್ಟೇ ನೋಡಬೇಕಂತೆ, ಅದಕ್ಕೆ ನಾನು ರೊಟ್ಟಿ ಬಡಿಯುವುದನ್ನು ನೋಡಿದರೆ ಸಾಕಂತೆ. ಅವರ ಕೈ ಬೇರೆ, ನನ್ನ ಕೈ ಬೇರೆ ಎಂದೆ. "ಕೀಲು ಎಲ್ಲಾರಿಗೂ ಅವೇ ಇರ್ತಾವ" ಎಂದರು. ನಲವತ್ತು ವರ್ಷ ಆ ಕೈಯ ರೊಟ್ಟಿ ಉಂಡ ಮನುಷ್ಯ!

ಐದು ತಿಂಗಳು ಅವರು ಹಿತ್ತಲಲ್ಲಿ ಕೂತು ಕೆತ್ತಿದರು. ನಾನು ಕದ್ದು ನೋಡಿಬರುತ್ತಿದ್ದೆ. ಕೈ ಮೇಲೆ ಏಳಬೇಕಾದರೆ ಭುಜವನ್ನು ಕೆತ್ತಿ ತೆಳುವಾಗಿಸಬೇಕು, ಕೆತ್ತಿದರೆ ಹೆಣ್ಣುಮಗಳು ಉಪವಾಸ ಬಿದ್ದವಳಂತೆ ಕಾಣುತ್ತಾಳೆ. ಭುಜ ತುಂಬಿಕೊಂಡಿರಲಿ ಎಂದರೆ ಕೈ ಅರ್ಧಕ್ಕೇ ತಡೆಯುತ್ತದೆ. ಎರಡು ಜೊತೆ ಕೈ ಕೆತ್ತಿ ಒಲೆಗೆ ಹಾಕಿದರು. ಕೊನೆಗೆ ಕೀಲನ್ನು ಸೆರಗಿನ ಮಡಿಕೆಯೊಳಗೆ ಹುದುಗಿಸಿ ಗೆದ್ದರು.

ಒಂದು ಮಧ್ಯಾಹ್ನ ಊಟವಾದ ಮೇಲೆ ಗೊಂಬೆಯನ್ನು ತಂದು ಅತ್ತೆಯವರ ಮುಂದೆ ಇಟ್ಟರು. ಅವರದೇ ಅಗಲ ಹಣೆ, ಅವರದೇ ಬಿಗಿದ ತುಟಿ. ಮುಂದೊಂದು ಪುಟ್ಟ ಹಂಚು. ಅತ್ತೆಯವರು ಬಹಳ ಹೊತ್ತು ನೋಡಿದರು.

"ನನ್ನ ಕೈ ಹೋತಂತ ಕಟ್ಟಿಗಿದೊಂದು ಮಾಡಿಟ್ರೇನ್ರಿ?"

ಮಾವನವರ ಮುಖ ಸಣ್ಣದಾಯಿತು. ತಾನು ಮಾಡಿದ್ದು ಹೀಗೂ ಕಾಣಬಹುದೆಂದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ನನಗೆ ಇಬ್ಬರ ಮೇಲೂ ಮರುಕ ಬಂತು. ಆದರೆ ಅತ್ತೆಯವರು ಗೊಂಬೆಯನ್ನು ದೂಡಲಿಲ್ಲ. ಎಡಗೈಯಿಂದ ಅದರ ಬಲಗೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಹುಬ್ಬು ಗಂಟಾಯಿತು.

"ಇದು ನಾ ಅಲ್ಲ. ತಲಿ ಅಷ್ಟ ನಂದು, ಕೈ ಎರಡೂ ಈಕೀವು" ಎಂದು ನನ್ನ ಕಡೆ ಗದ್ದ ತೋರಿಸಿದರು. "ಮೊಣಕೈ ನೋಡ್ರಿ, ಕೋಳಿ ರೆಕ್ಕಿ ಬಡದಂಗ ಹೊರಗ ಚಾಚ್ಯಾವ. ಅದಕ್ಕ ಈಕಿ ರೊಟ್ಟಿ ಹರೀತಾವ." ಹೇಳುತ್ತ ಹೇಳುತ್ತ ನಕ್ಕೇಬಿಟ್ಟರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು, ಅದೂ ನನ್ನ ಮೊಣಕೈ ನೋಡಿ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ತುಟಿ ಬಿಚ್ಚದೆ ತಿಂದು ಈಗ ಗೊಂಬೆಯ ನೆಪದಲ್ಲಿ ಹೇಳುತ್ತಾರಲ್ಲ!

"ಹಂಗಾರ ನೀವೇ ಬಂದು ತೋರಸ್ರಿ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೈ ಏಳದವರಿಗೆ ಆಡುವ ಮಾತೇ ಅದು? ಅತ್ತೆಯವರು ಕಂಬ ಹಿಡಿದು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮಿಬ್ಬರನ್ನೂ ದಾಟಿ ಅಡುಗೆಮನೆಗೆ ಹೋದರು.

ನಾನು ಹಿಂದೆಯೇ ಓಡಿ ಒಲೆ ಹೊತ್ತಿಸಿದೆ, ಹಿಟ್ಟು ನಾದಿ ಕೊಟ್ಟೆ. ಎಡಗಾಲು ಮಡಚಿ, ಬಲ ಮೊಣಕಾಲು ಎತ್ತಿ ಅವರು ಕೂತ ರೀತಿಯೇ ಬೇರೆ. ಉಂಡೆಯ ಮೇಲೆ ಬಲ ಅಂಗೈ ಇಟ್ಟರು. ಎರಡು ಏಟು ಬಿತ್ತು, ಮೂರನೆಯದಕ್ಕೆ ಕೈ ನಡುದಾರಿಯಲ್ಲೇ ನಿಂತಿತು. ಅವರ ಕಣ್ಣಲ್ಲಿ ನೀರು ತುಂಬಿದ್ದು ಹೊಗೆಯಿಂದಲ್ಲ. ಅವರ ಬಲಕ್ಕೆ ಒತ್ತಿಕೊಂಡು ಕೂತು ನನ್ನ ಬಲಗೈಯನ್ನು ಆ ಹಿಟ್ಟಿನ ಮೇಲಿಟ್ಟೆ.

ರೊಟ್ಟಿ ಬಡಿಯುವಾಗ ಬಲಗೈ ತಟ್ಟುತ್ತದೆ, ಎಡಗೈ ಅಂಚು ಹಿಡಿದು ತಿರುಗಿಸುತ್ತದೆ. ತಿರುಗಿಸುವ ಕೈಯಲ್ಲೇ ಎಲ್ಲ ಇದೆ ಎಂದು ನನಗೆ ಅಂದೇ ಗೊತ್ತಾಯಿತು. ಅವರ ಎಡಗೈ ತಿರುಗಿಸಿತು, ನನ್ನ ಬಲಗೈ ತಟ್ಟಿತು. "ಮೊಣಕೈ ಒಳಗ... ಒಳಗ ತಗೋ ಬೇ" ಎಂದು ಗದರುತ್ತಲೇ ಇದ್ದರು. ರೊಟ್ಟಿ ಹರಿಯಲಿಲ್ಲ. ಹಂಚಿನ ಮೇಲೆ ಉಬ್ಬಿತು. ಬಾಗಿಲಲ್ಲಿ ನಿಂತಿದ್ದ ಮಾವನವರ ಕೈಯಲ್ಲಿ ಪೆನ್ಸಿಲು ಇತ್ತು, ಆದರೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ಮಾರನೆಯ ದಿನ ಅತ್ತೆಯವರು ತಾವಾಗಿಯೇ ಎಡಗೈ ಚಾಚಿ ನೂಲಿನ ಅಳತೆ ಕೊಟ್ಟರು. ಮಾವನವರು ಗೊಂಬೆಯ ಎಡಗೈ ತೆಗೆದು ಹೊಸದು ಕೆತ್ತಿದರು. ನನ್ನ ಅಳತೆಯ ಬಲಗೈಗಿಂತ ಗಿಡ್ಡ, ಮಣಿಕಟ್ಟಿಗೆ ಒಂದು ಕೀಲು ಹೆಚ್ಚು. ಬಲಗೈಯನ್ನೂ ತೆಗೆಯಲು ಹೋದಾಗ ಅತ್ತೆಯವರು ತಡೆದರು.

"ಇರ್ಲಿ ಬಿಡ್ರಿ. ಈಗ ಬಡಿಯಾಕತ್ತಾಕಿ ಈಕೀನೇ ಅಲ್ಲೇನು?"

ಆಮೇಲೆ ಬಹಳ ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಹಾಗೆಯೇ ಆದವು. ಒಬ್ಬಳೇ ಮಾಡುವುದನ್ನು ನಾನು ಯಾವಾಗಲೋ ಕಲಿತಿದ್ದೆ. ಕಲಿತದ್ದನ್ನು ನಾನು ಹೇಳಲಿಲ್ಲ, ಗೊತ್ತಿದ್ದರೂ ಅವರು ಕೇಳಲಿಲ್ಲ.

ತೊಂಬತ್ತರ ದಶಕದಲ್ಲಿ ಒಮ್ಮೆ ಗುಲ್ಬರ್ಗದಿಂದ ಒಬ್ಬ ಸಾಹೇಬರು ಬಂದರು. ಗಾಜಿನ ಕಪಾಟು ತುಂಬ ಗೊಂಬೆ ಕೂಡಿಡುವ ಶೋಕಿ ಅವರದು. ಎಲ್ಲವನ್ನೂ ನೋಡಿ ರೊಟ್ಟಿಯ ಗೊಂಬೆಯ ಮುಂದೆ ನಿಂತರು. ಕೀಲುಗಳನ್ನು ತಿರುಗಿಸಿ ನೋಡಿ ಬೆರಗಾದರು.

"ಮಾಸ್ತರ್ರ, ಇದನ್ನ ನಾ ಒಯ್ತೇನಿ. ಆದ್ರ ಒಂದು ಕೈ ಗಿಡ್ಡ ಆಗ್ಯದ ನೋಡ್ರಿ. ಅದೊಂದು ಸರಿ ಮಾಡಿ ಕೊಡ್ರಿ."

ಅವರು ತಪ್ಪು ಹೇಳಿರಲಿಲ್ಲ. ಆ ಒಂದು ಕಾರಣಕ್ಕೆ ಜೀವಮಾನವೆಲ್ಲ ಹುಡುಗರ ಅಂಕ ಕಡಿದ ನಮ್ಮ ಮಾವನವರು ಕನ್ನಡಕ ತೆಗೆದು ಧೋತರದಿಂದ ಒರೆಸಿಕೊಂಡರು.

"ಅಳತಿ ಬರೋಬ್ಬರಿ ಅದರಿ, ಸಾಹೇಬ್ರ. ಅದು ಇಬ್ಬರು ಹೆಣ್ಮಕ್ಕಳ ಗೊಂಬಿ."

ಸಾಹೇಬರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆಯವರ ಕೂಗು ಬಂತು. "ಎಲ್ಲಿ ನಿಂತಿ ಬೇ? ಹಂಚು ಕಾದದ, ನಾ ಒಂದ ಕೈಲೆ ಏನ್ ಮಾಡ್ಲಿ?"

ನಾನು ಕೈ ತೊಳೆದುಕೊಂಡು ಹೋಗಿ ಅವರ ಬಲಕ್ಕೆ ಕೂತೆ.