ಲಕ್ಷ್ಮಿ ಡಬ್ಬಿಯ ಕಲ್ಲುಸಕ್ಕರೆ

ಹಳೆಯ ಹಿತ್ತಾಳೆ ಕೊಳ್ಳುವವರು ಮುಖ ನೋಡಿ ಮರುಳಾಗಬಾರದು, ತಳ ತಿರುಗಿಸಿ ತಯಾರಕರ ಮುದ್ರೆ ನೋಡಬೇಕು. ತೊಂಬತ್ತರ ದಶಕದಲ್ಲಿ ಹಳಿಯಾಳದ ಪೇಟೆಯಲ್ಲಿ ಹಳೇ ಪಾತ್ರೆಯ ಅಂಗಡಿ ಇಟ್ಟಿದ್ದಾಗ ಎಲ್ಲರಿಗೂ ನಾನು ಹೇಳುತ್ತಿದ್ದ ಬುದ್ಧಿಮಾತಿದು. ಸನವಳ್ಳಿಯ ಅಜ್ಜಿ ತಂದ ಡಬ್ಬಿಯ ಮುಂದೆ ಅದು ನಡೆಯಲಿಲ್ಲ. ತಳ ಬೋಳು. ಮುಚ್ಚಳದ ಮೇಲೆ ಹೆಣ್ಣಿನ ಮುಖ. ಸುತ್ತಲಿನ ಅಕ್ಷರಗಳೆಲ್ಲ ಕುಂಕುಮದಡಿ ಹೂತಿದ್ದವು. ಮನೆಯವರು ಅವಳನ್ನೇ ಲಕ್ಷ್ಮಿ ಎಂದು ಪೂಜಿಸುತ್ತಿದ್ದರು.

“ಮಾರಾಕ ತಂದಿಲ್ರಿ. ಇದು ಏನಂತ ಹೇಳ್ರಿ, ಸಾಕು,” ಎಂದರು ಅಜ್ಜಿ.

ಅವರ ಮಾವ ಯುದ್ಧದಿಂದ ತಂದದ್ದಂತೆ. ದಾಯಾದಿ ಮುದುಕನೊಬ್ಬ ಮಾತ್ರ, ಅದು ಸಾಹೇಬರ ಬಂಗಲೆಯಲ್ಲಿ ಕದ್ದದ್ದೆಂದು ಊರೆಲ್ಲ ಸಾರುತ್ತಿದ್ದ. ಅಜ್ಜಿಯ ಗಂಡ ಕಳ್ಳನ ಮಗ ಅನ್ನಿಸಿಕೊಂಡೇ ಸತ್ತಿದ್ದರು. ಮೊಮ್ಮಕ್ಕಳಿಗೆ ಆ ಹೆಸರು ಅಂಟಬಾರದೆಂಬುದೇ ಅಜ್ಜಿಯ ಹಟ.

ಅಕ್ಷರ ಕಾಣಲೆಂದು ತಿಕ್ಕಲು ನಾನು ಹುಣಸೆಹಣ್ಣು ಕೈಗೆತ್ತಿಕೊಂಡರೆ ಅಜ್ಜಿ ಡಬ್ಬಿಯನ್ನೇ ಕಸಿದುಕೊಂಡರು. “ಲಕ್ಷ್ಮೀ ಮಾರಿ ತಿಕ್ಕತಾರೇನ್ರಿ?”

ಬೆಳಗಾವಿಯ ವ್ಯಾಪಾರಿಯೊಬ್ಬನಿಗೆ ತೋರಿಸಿದರೆ ನಶ್ಯದ ಡಬ್ಬಿ ಎಂದ. ದಾಂಡೇಲಿಯ ಮಾಸ್ತರರೊಬ್ಬರು ಪೌಡರ್ ಡಬ್ಬಿ ಎಂದರು. ನನಗೆ ತಲೆ ಕೆಟ್ಟುಹೋಯಿತು.

ಕೊನೆಗೆ ಅಂಬಿಕಾನಗರದ ಕಾಲನಿಯಲ್ಲಿದ್ದ ಮಾಜಿ ಸೈನಿಕರೊಬ್ಬರ ಬಳಿ ಅಜ್ಜಿಯನ್ನು ಕರೆದೊಯ್ದೆ. ಅವರು ನೋಡಿದ್ದೇ ನಕ್ಕರು. “ಇಂಥಾದ್ದು ನಮ್ಮ ಪಲ್ಟಣದಾಗ ಗಾಜಿನ ಕಪಾಟಿನ್ಯಾಗ ಇಟ್ಟಿದ್ರು. ಈಕಿ ಲಕ್ಷ್ಮಿ ಅಲ್ಲಬೇ, ಇಂಗ್ಲೆಂಡ್ ರಾಜನ ಮಗಳು. ಮೊದಲನೇ ಮಹಾಯುದ್ಧದ ಕ್ರಿಸ್‌ಮಸ್ಸಿಗೆ ಸಿಪಾಯಿಗಳಿಗೆ ಕೊಟ್ಟ ಕಾಣಿಕಿ ಇದು. ಡಬ್ಬಿ ಜೋಡಿ ಗೋರಾ ಮಂದಿಗೆ ತಂಬಾಕ, ನಮ್ಮವರಿಗೆ ಕಲ್ಲಸಕ್ರಿ.”

ಅಜ್ಜಿ ನೆಟ್ಟಗಾದರು. “ನಮ್ಮ ಮಾವ ದೀಪಾವಳಿಗೊಮ್ಮೆ ಇದರಾಗ ಕಲ್ಲಸಕ್ರಿ ತುಂಬಿ ಹುಡುಗೂರಿಗೆ ಹಂಚತಿದ್ರು. ಯಾಕಂದ್ರ, ಇದರ ಪದ್ಧತಿನ ಹಂಗ ಅಂತಿದ್ರು. ನಾನೂ ಬಿಟ್ಟಿಲ್ಲ.”

“ಇಷ್ಟ ದಿನ ಯಾಕ ಹೇಳ್ಲಿಲ್ಲಬೇ?” ಎಂದು ಹಣೆ ಬಡಿದುಕೊಂಡೆ.

“ನೀವು ಡಬ್ಬಿ ಕೇಳಿದ್ರಿ. ಒಳಗಿಂದು ಕೇಳಿದ್ರೇನು?”

ಸನವಳ್ಳಿಗೇ ಹೋಗಿ ಆ ದಾಯಾದಿ ಮುದುಕನೆದುರು ಡಬ್ಬಿಗೆ ಕಲ್ಲುಸಕ್ಕರೆ ತುಂಬಿ ತೆರೆದಿಟ್ಟೆವು. ಕದ್ದವನಿಗೆ ಕಲ್ಲುಸಕ್ಕರೆಯ ಸಂಗತಿ ಹೇಗೆ ಗೊತ್ತಿರುತ್ತದೆ, ಪಡೆದವನಿಗೆ ತಾನೇ ಗೊತ್ತು ಎಂದು ನನಗೆ ಬರುವ ಬಾಯಿಮಾತನ್ನೆಲ್ಲ ಖರ್ಚು ಮಾಡಿದೆ. ಎಂಥೆಂಥ ಗಿರಾಕಿಯನ್ನು ಒಪ್ಪಿಸಿದವನು ನಾನು! ಮುದುಕ ಒಂದು ಹರಳು ಬಾಯಿಗೆ ಹಾಕಿಕೊಂಡ.

“ಸಕ್ರಿ ಚಲೋ ಐತಿ. ಆದ್ರ ಡಬ್ಬಿ ಕದ್ದದ್ದ.”

ಮತ್ತೊಂದಕ್ಕೆ ಕೈ ಚಾಚಿದಾಗ ಅಜ್ಜಿ ಟಪ್ಪನೆ ಮುಚ್ಚಳ ಹಾಕಿದರು. “ಕಳ್ಳರ ಮನೀದು ಯಾಕ ತಿಂತೀರಿ, ಭಾವಾರ? ಮೊದ್ಲ ಬಾಯಾಗಿಂದು ಉಗುಳ್ರಿ.”

ಆತ ಉಗುಳಲೂ ಇಲ್ಲ, ಒಪ್ಪಲೂ ಇಲ್ಲ.