ಸೊನ್ನೆ ಮೇಡಂ

ನಾನು ಓದಿದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಡೇಟಾಬೇಸಿನಿಂದ ಲೇಖನ ಹುಡುಕಲು ಕಲಿಸುವ ಮೇಡಂ ನಮ್ಮೆದುರು ಕೀಬೋರ್ಡ್ ಮುಟ್ಟಿದವರೇ ಅಲ್ಲ. ಕೈಕಟ್ಟಿಕೊಂಡು ಬೆನ್ನ ಹಿಂದೆ ನಿಲ್ಲುತ್ತಾರೆ, ಟೈಪ್ ಮಾಡಬೇಕಾದವರು ನಾವು. ಸಂವಹನ ವಿಭಾಗದ ಯಾರಾದರೂ ‘ಮಾಧ್ಯಮ’ ಎಂಬ ಒಂದೇ ಪದ ಹಾಕಿ ನಾಲ್ಕು ಲಕ್ಷ ಲೇಖನ ತರಿಸಿಕೊಂಡರೆ, “ಸಮುದ್ರಾನೇ ತಂದ್ಯಲ್ಲಪ್ಪಾ, ಈಗ ಕುಡಿ” ಎನ್ನುತ್ತಾರೆ. ಆಮೇಲೆ ಈ ಪದ ಸೇರಿಸು, ಆ ಪದ ತೆಗೆ, ಇಸವಿ ಹಾಕು ಎನ್ನುತ್ತ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಹನ್ನೆರಡಕ್ಕೆ ಇಳಿಸುತ್ತಾರೆ. ಆ ಹನ್ನೆರಡೂ ನಮಗೆಂದೇ ಯಾರೋ ಬರೆದಿಟ್ಟಂತಿರುತ್ತವೆ. ಆದರೆ ಪರದೆಯ ಮೇಲೆ ಸೊನ್ನೆ ಬಂದಾಗ ಅವರ ಮುಖ ನೋಡಬೇಕು, ಮಗು ಹುಟ್ಟಿದ ಸುದ್ದಿ ಕೇಳಿದ ಅಜ್ಜಿಯ ಹಾಗೆ ಅರಳುತ್ತದೆ. “ಯಾರೂ ಕೇಳದೇ ಇರೋದನ್ನ ಕೇಳಿದ್ದೀಯ!” ಎಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪ್ರಶ್ನೆ, ತಾರೀಕು, ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಅದರಲ್ಲಿ ನನ್ನದೂ ಒಂದಿತ್ತು: ಜಗಳವಾಡಿದ ಗಂಡ ಹೆಂಡತಿ ‘ನಿಮ್ಮಪ್ಪಂಗೆ ಹೇಳು, ಊಟ ಆರ್ತಿದೆ ಅಂತ’ ಎಂದು ಮಕ್ಕಳ ಮೂಲಕ ಮಾತಾಡುವುದರ ಬಗ್ಗೆ ಯಾರಾದರೂ ಬರೆದಿದ್ದಾರೆಯೇ ಎಂದು. ಸೊನ್ನೆ ಬಂತು, ಗೈಡ್ ನಕ್ಕರು, ನಾನು ಸಂಶೋಧನೆ ಬಿಟ್ಟು ವಿಮಾ ಕಚೇರಿ ಸೇರಿದೆ. ಹನ್ನೊಂದು ವರ್ಷದ ಮೇಲೆ ಮೊನ್ನೆ ಮೇಡಂ ಫೋನ್ ಬಂತು. “ಪ್ರತಿ ತಿಂಗಳು ಒಂದನೇ ತಾರೀಕು ನಿನ್ನ ಪ್ರಶ್ನೆ ಹಾಕಿ ನೋಡ್ತಾ ಇದ್ದೆ ಕಣಮ್ಮ. ಇವತ್ತು ಒಂದು ಲೇಖನ ಬಂತು.” ಆದರೆ ಅವರಿಗೆ ಸಿಟ್ಟು ಬಂದಿತ್ತು. “ಇದನ್ನ ಹಿಂದೆ ಯಾರೂ ಕೇಳೇ ಇಲ್ಲ ಅಂತ ಬರ್ದಿದಾರೆ. ಅದ್ಹೇಗೆ ಬರೀತಾರೆ? ನನ್ನ ಹತ್ರ ತಾರೀಕಿದೆ.”