ತುದಿಯ ಕುರ್ಚಿ

ಇರಕಲ್ಲಗಡದಲ್ಲಿ ಫೋಟೋ ಸ್ಟುಡಿಯೋದ ಹಸೀಬಾ ಎಂದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. 'ಉಬ್ಬಿಸೋ ಕ್ಯಾಮರಾದಾಕಿ' ಎಂದು ಕೇಳಿ ನೋಡಿ, ಬಾಗಿಲವರೆಗೆ ಬಂದು ಬಿಟ್ಟುಹೋಗುತ್ತಾರೆ.

ಈ ಹೆಸರು ಬಿದ್ದದ್ದು ಗೋಣೆಪ್ಪನ ತಂಗಿ ಶಿವಲೀಲಾಳ ಮದುವೆಯಲ್ಲಿ. ಅವರ ಅಂಗಳ ಬಲು ಇಕ್ಕಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆನ್ನಿಗೆ ಗೋಡೆ. ಇಡೀ ಮನೆತನವನ್ನು ಒಂದೇ ಫೋಟೋದಲ್ಲಿ ಹಿಡಿಯಲು ಹಸೀಬಾಳ ತಂದೆ ಶಬ್ಬೀರಸಾಬ ಬಿಟ್ಟುಹೋದ ಅತಿ ಅಗಲದ ಲೆನ್ಸೇ ಬೇಕು. ಅದು ಕೂಡುವುದು ಆತನ ಹಳೆಯ ರೀಲು ಕ್ಯಾಮರಾಕ್ಕೆ ಮಾತ್ರ. ಆ ಲೆನ್ಸಿಗೆ ಒಂದು ಚಾಳಿ. ನಡುವೆ ಇದ್ದವರನ್ನು ಇದ್ದ ಹಾಗೇ ತೋರಿಸುತ್ತದೆ, ಅಂಚಿನಲ್ಲಿ ಇದ್ದವರನ್ನು ಅಡ್ಡಡ್ಡ ಜಗ್ಗುತ್ತದೆ. ಹಸೀಬಾಳಿಗೆ ಇದು ಗೊತ್ತಿತ್ತು. ಆದರೆ ಅತ್ತೆ ಅಳಿಯನ ಪಕ್ಕ ಕುಳಿತುಕೊಳ್ಳಬಾರದು ಎನ್ನುವುದು ಆ ಮನೆಯ ರಿವಾಜು. ಹಿರಿಯಳೆಂದು ಗೋಣೆಪ್ಪನ ತಾಯಿ ಕಳಕಮ್ಮ ನಡುವೆ ಕುಳಿತಳು, ಯಲಬುರ್ಗಾದ ಹೊಸ ಅಳಿಯ ಪ್ರಭುರಾಜನಿಗೆ ತುದಿಯ ಕುರ್ಚಿ ಬಂತು. ರಿವಾಜಿನ ಮುಂದೆ ಹಸೀಬಾ ಬಾಯಿ ಬಿಡಲಿಲ್ಲ.

ಫೋಟೋ ತೊಳೆದು ಬಂದಾಗ ಮದುಮಗ ಪೈಲ್ವಾನನಾಗಿದ್ದ! ಊರು ನಕ್ಕಿತು, ಅಳಿಯ ಮುನಿದ. ಅಂದಿನಿಂದ ಹಸೀಬಾಳ ಪಾಲಿಗೆ ಪಾಸ್‌ಪೋರ್ಟ್ ಸೈಜಿನ ಮುಖಗಳಷ್ಟೇ ಉಳಿದವು, ಮನೆತನದ ಫೋಟೋಕ್ಕೆ ಯಾರೂ ಕರೆಯಲಿಲ್ಲ. ತನ್ನನ್ನು ಆಡಿಕೊಂಡರೆ ಹೇಗೋ ನುಂಗಿಕೊಳ್ಳುತ್ತಿದ್ದಳು, ಅಪ್ಪನ ಲೆನ್ಸನ್ನು ಆಡಿಕೊಂಡಾಗ ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಈಗ ಅದೇ ಅಂಗಳದಲ್ಲಿ ಶಿವಲೀಲಾಳ ಕೂಸಿನ ತೊಟ್ಟಿಲ ಕಾರ್ಯ. ಮನೆಯ ಹುಡುಗರು ಮೊಬೈಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಫೋಟೋ ಹೊಡೆದರು. ಅಷ್ಟರಲ್ಲಿ ಯಾರೋ ಅಲುಗಾಡಿ, ಗೋಣೆಪ್ಪನಿಗೆ ಎರಡು ಮೂಗು ಬಂದವು.

"ಸಾಕು ಮಾಡ್ರಿ ನಿಮ್ಮ ಆಟ," ಎಂದಳು ಕಳಕಮ್ಮ. "ಹಸೀಬಾನ್ನ ಕರೀರಿ. ಆಕಿ ಫೋಟೋದಾಗ ಎಲ್ಲಾರೂ ಇದ್ದರು, ಒಬ್ಬರನ್ನೂ ಬಿಟ್ಟಿರಲಿಲ್ಲ."

ಹಸೀಬಾ ಬಂದಳು. ಇಂದು ಕೆಟ್ಟರೆ ಅಪ್ಪನ ಲೆನ್ಸು ಪೆಟ್ಟಿಗೆ ಸೇರಿದಂತೆಯೇ. ಪ್ರಭುರಾಜ ಕೈಕಟ್ಟಿ ನಿಂತಿದ್ದ.

"ಈ ಸಲನೂ ನನ್ನ ಉಬ್ಬಿಸಿದರ ಕ್ಯಾಮರಾ ಬಾವಿಗೆ ಹಾಕ್ತೀನಿ ನೋಡ್ರಿ, ಅಕ್ಕಾರ."

ಈ ಸಲ ಹಸೀಬಾ ಸುಮ್ಮನಿರಲಿಲ್ಲ. "ಅಳಿಯಂದಿರು ನಡುವ ಕುಂದರಬೇಕ್ರಿ. ಇಲ್ಲಂದ್ರ ನಾ ಫೋಟೋ ಹೊಡ್ಯಂಗಿಲ್ಲ."

"ನಡುವ ನಮ್ಮವ್ವ ಇರ್ತಾಳ. ಅತ್ತಿ ಬಾಜೂಕ ಅಳಿಯ ಹೆಂಗ ಕುಂದರತಾನ?" ಎಂದ ಗೋಣೆಪ್ಪ.

ಕಳಕಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು, "ಅಲ್ಲವ್ವಾ, ತುದಿಗೆ ಕುಂತವರು ದಪ್ಪ ಕಾಣ್ತಾರಲ್ಲ, ನನ್ನಂಥ ಒಣಕಲೂ ಕಾಣ್ತಾಳೇನು?"

"ಕಾಣ್ತೀರಿ ಯವ್ವಾ, ಭಾಳ ಕಾಣ್ತೀರಿ."

"ಹಂಗಾದ್ರ ತುದಿ ಕುರ್ಚಿ ನಂದು!"

ಅಳಿಯ ನಡುವೆ, ಅತ್ತೆ ತುದಿಗೆ, ರಿವಾಜಿಗೆ ಕೂದಲೆಳೆಯ ಕುಂದಿಲ್ಲ. ಗೋಣೆಪ್ಪನ ತಮ್ಮ, ಕಡ್ಡಿಯಂಥ ಗಿಡ್ಡಪ್ಪ, ಇನ್ನೊಂದು ತುದಿಗೆ ತಾನಾಗಿಯೇ ಓಡಿದ. ಅವನಿಗೆ ಹೆಣ್ಣು ನೋಡುತ್ತಿದ್ದರು. ಫೋಟೋದಲ್ಲಿ ಗೋಡೆಗಳು ವಾಲದಂತೆ ಹಸೀಬಾ ಸ್ಟ್ಯಾಂಡಿನ ಮೇಲೆ ಕ್ಯಾಮರಾ ಮಟ್ಟ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದಳು.

ರೀಲು ಕ್ಯಾಮರಾದಲ್ಲಿ ಹೊಡೆದ ಕೂಡಲೇ ನೋಡಲಾಗುವುದಿಲ್ಲ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನೀರಿನಿಂದ ಕಾಗದ ಎತ್ತುವವರೆಗೂ ಹಸೀಬಾ ಅಲ್ಲಾನನ್ನು ನೆನೆಯುತ್ತಲೇ ಇದ್ದಳು. ಎತ್ತಿ ನೋಡಿದವಳು ಒಬ್ಬಳೇ ಜೋರಾಗಿ ನಕ್ಕುಬಿಟ್ಟಳು.

ಗೋಣೆಪ್ಪನ ಮನೆಯಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತು. ಪ್ರಭುರಾಜ ಸಿನಿಮಾ ಹೀರೋನಂತೆ ನೆಟ್ಟಗಿದ್ದ. ಗಿಡ್ಡಪ್ಪನ ಭುಜಗಳು ತುಂಬಿದ್ದವು. ಕಳಕಮ್ಮ ಮಾತ್ರ ತನ್ನನ್ನೇ ದಿಟ್ಟಿಸಿದಳು. ತುಂಬುಗೆನ್ನೆ, ತುಂಬುತೋಳು, ಕುರ್ಚಿ ತುಂಬ ಕುಳಿತ ಹೆಂಗಸು.

"ಬಾಣಂತನದಾಗ ಸೈತ ಹೊಟ್ಟಿತುಂಬ ಉಂಡಾಕಿ ಅಲ್ಲ ನಾ," ಎಂದಳು. ಕಣ್ಣು ತುಂಬಿದ್ದರೂ ನಗುತ್ತಿದ್ದಳು. "ನೋಡ್ರಿಲ್ಲೆ, ಉಂಡುಟ್ಟು ಸುಖವಾಗಿದ್ದಾಕಿಹಂಗ ಕಾಣ್ತೀನಿ."

ಅಪ್ಪ ಇದ್ದಿದ್ದರೆ ಎಂದುಕೊಂಡಳು ಹಸೀಬಾ.

ಪ್ರಭುರಾಜ ಗಂಟಲು ಸರಿಮಾಡಿಕೊಂಡ. "ಅಕ್ಕಾರ, ನಮ್ಮ ಯಲಬುರ್ಗಾದ ಮನಿಗೂ ಬರ್ರಿ. ನಮ್ಮ ಮಂದಿ ಇನ್ನೂ ಜಾಸ್ತಿ ಅದಾರ. ಆ ಅಗಲದ ಲೆನ್ಸನ್ನ ತರ್ರಿ ಮತ್ತ."

ಹಸೀಬಾ ಬಾಯಿ ತೆರೆಯುವ ಮೊದಲೇ ಕಳಕಮ್ಮ ಫೋಟೋ ಎದೆಗೊತ್ತಿಕೊಂಡು ಎದ್ದುನಿಂತಳು.

"ನಾನೂ ಬರ್ತೀನಿ. ಅಲ್ಲೂ ತುದಿ ಕುರ್ಚಿ ನಂದು, ಯಾರಿಗೂ ಕೊಡಬ್ಯಾಡ!"